ನಿಡೊ ಡಬ್ಬದಲ್ಲಿ ಏನೇನಿರಬೇಕು: ಗಂಡ ಗಲ್ಫ್‌ನಲ್ಲಿರುವ ಹೆಣ್ಣುಮಕ್ಕಳಿಗೆ

ನಮ್ಮ ಉಮ್ಮನ ಹತ್ತಿರ ಒಂದು ನಿಡೊ ಹಾಲಿನ ಪುಡಿಯ ಡಬ್ಬ ಇತ್ತು. ಹಳದಿ ಬಣ್ಣದ್ದು. ಮಾವ ಸೌದಿಯಿಂದ ತಂದದ್ದು. ಹಾಲಿನ ಪುಡಿ ಒಂದೇ ತಿಂಗಳಲ್ಲಿ ಮುಗಿಯಿತು, ಡಬ್ಬ ಮೂವತ್ತು ವರ್ಷ ಉಳಿಯಿತು. ಉಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೆ ಮನೆಗೆ ಬಂದ ಒಂದು ಚೀಟಿಯನ್ನೂ ಬಿಸಾಡುತ್ತಿರಲಿಲ್ಲ. ಬೀಡಿ ಬ್ರಾಂಚಿನ ಪಾಸ್‌ಬುಕ್, ಪಿ.ಎಫ್. ಚೀಟಿ, ರೇಷನ್ ಕಾರ್ಡು, ಎಲ್ಲ ಆ ಡಬ್ಬದೊಳಗೆ.

1994ರಲ್ಲಿ ನನ್ನ ಅಕ್ಕನ ಮದುವೆಯಾಯಿತು. ಭಾವ ದಮ್ಮಾಮ್‌ನಲ್ಲಿ ಕೆಲಸಕ್ಕಿದ್ದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. 1999ರ ಮಳೆಗಾಲದಲ್ಲಿ ಒಂದು ರಾತ್ರಿ ಅಕ್ಕ ರಿಕ್ಷಾದಲ್ಲಿ ನಮ್ಮ ಮನೆಗೆ ಬಂದಳು. ಸೊಂಟದಲ್ಲಿ ಮಗು, ಎಡಗಿವಿಯಲ್ಲಿ ರಕ್ತ. ಮರುದಿನ ಡಾಕ್ಟರ್ ಏನಾಯಿತೆಂದು ಕೇಳಿದಾಗ ಅಕ್ಕ "ಬಚ್ಚಲಲ್ಲಿ ಜಾರಿ ಬಿದ್ದೆ" ಎಂದಳು. ಡಾಕ್ಟರ್ ಅದನ್ನೇ ಬರೆದುಕೊಂಡರು.

ಮಸೀದಿಯ ಜಮಾಅತ್ ಕಮಿಟಿಯ ಮುಂದೆ ಮಾತುಕತೆಗೆ ಕೂತಾಗ ಗಂಡನ ಕಡೆಯವರು ಎರಡು ಮಾತು ಹೇಳಿದರು. ಒಂದು, ನಾವು ಹೊಡೆದೇ ಇಲ್ಲ. ಇನ್ನೊಂದು, ಹುಡುಗಿ ಚಿನ್ನ ತಂದೇ ಇಲ್ಲ. ಉಮ್ಮ ಏನೂ ಮಾತಾಡಲಿಲ್ಲ. ಡಬ್ಬದ ಮುಚ್ಚಳ ತೆಗೆದು ಚಿನ್ನದಂಗಡಿಯ ಬಿಲ್ಲನ್ನು ಮೇಜಿನ ಮೇಲಿಟ್ಟರು. ಹದಿನಾಲ್ಕು ಪವನ್. ತಾರೀಕು, ಅಂಗಡಿಯ ಸೀಲು, ಎಲ್ಲ ಇತ್ತು. ಆ ಚಿನ್ನ ವಾಪಸ್ ಬಂತು. ಕಿವಿಗೆ ಮಾತ್ರ, ಹೊಡೆತದಿಂದ ಆದದ್ದು ಎನ್ನುವ ಕಾಗದ ನಮ್ಮ ಹತ್ತಿರ ಇರಲಿಲ್ಲ. ಅಕ್ಕನಿಗೆ ಈಗಲೂ ಎಡಗಿವಿ ಕೇಳಿಸುವುದಿಲ್ಲ.

ನಾನು ಬಂಟ್ವಾಳ ತಾಲೂಕಿನವಳು. ಹದಿನೈದು ವರ್ಷದಿಂದ ಮಹಿಳೆಯರ ಸಲಹಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಬೆಂಚಿನ ಮೇಲೆ ಎಲ್ಲ ಜಾತಿ, ಎಲ್ಲ ಧರ್ಮದ ಹೆಂಗಸರೂ ಬಂದು ಕೂರುತ್ತಾರೆ. ಆದರೆ ಈ ಬರಹ ನಮ್ಮ ಕಡೆಯ ಮುಸ್ಲಿಂ ಹೆಣ್ಣುಮಕ್ಕಳಿಗೆ, ಅದರಲ್ಲೂ ಗಂಡ ಗಲ್ಫ್‌ನಲ್ಲಿರುವವರಿಗೆ. ಅವರ ಕಷ್ಟಕ್ಕೆ ಒಂದು ಬೇರೆ ರೂಪ ಉಂಟು. ಅದಕ್ಕೆ ತಕ್ಕ ಹಾಗೆ ತಯಾರಿಯೂ ಬೇರೆ ಬೇಕು.

ಏನು ಬದಲಾಯಿತು ಅಂದರೆ, ಮೊದಲು ಗಂಡ ದೂರ ಇದ್ದರೆ ನಿಜವಾಗಿಯೂ ದೂರ ಇರುತ್ತಿದ್ದ. ಕಾಗದ ಬರಲು ವಾರಗಟ್ಟಲೆ ಬೇಕಿತ್ತು. ಕೆಲವರು ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. 2006ರಲ್ಲಿ ಮಂಗಳೂರಿನ ಬಜ್ಪೆಯಿಂದಲೇ ದುಬೈಗೆ ವಿಮಾನ ಹಾರಿತು, ಬಾಂಬೆಗೆ ಹೋಗಿ ಕಾಯುವ ಕಾಲ ಮುಗಿಯಿತು. ಆಮೇಲೆ ವಾಟ್ಸಾಪ್ ಬಂತು. 2017ರ ಜುಲೈಯಿಂದ ಸೌದಿಯಲ್ಲಿ ಹೊರದೇಶದವರ ಹೆಂಡತಿ ಮಕ್ಕಳ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿದರು. ಅದು ವರ್ಷ ವರ್ಷ ನೂರರಂತೆ ಏರಿ 2020ಕ್ಕೆ 400 ಆಯಿತು. ಅಲ್ಲಿ ಎರಡು ಕೋಣೆಯ ಮನೆಯಲ್ಲಿ ಸ್ವತಂತ್ರವಾಗಿ ಸಂಸಾರ ಮಾಡಿಕೊಂಡಿದ್ದ ಹುಡುಗಿಯರು ಮಕ್ಕಳನ್ನು ಕಟ್ಟಿಕೊಂಡು ಅತ್ತೆ ಮನೆಗೆ ಬಂದು ಬಿದ್ದರು. 2020ರಲ್ಲಿ ಕೊರೊನಾ ಬಂದಾಗ ಗಂಡಸರೂ ಕೆಲಸ ಕಳೆದುಕೊಂಡು ಬಂದರು. ಆ ವರ್ಷ ನಮ್ಮ ಕೇಂದ್ರದ ಫೋನು ಕೆಳಗಿಟ್ಟದ್ದೇ ಇಲ್ಲ.

ಮೊದಲ ಕೆಲಸ: ಫೋನು ಯಾರದು ನೋಡಿ

ಮೂರು ವರ್ಷದ ಹಿಂದೆ ಒಂದು ಹುಡುಗಿ ಫೋನ್ ಮಾಡಿದಳು. ಇಪ್ಪತ್ಮೂರು ವರ್ಷ. ಅವಳ ದನಿಗಿಂತ ಜಾಸ್ತಿ ನೀರಿನ ಸದ್ದು ಕೇಳುತ್ತಿತ್ತು. ಮನೆಯಲ್ಲಿ ಐದು ಕ್ಯಾಮೆರಾ. ಒಂದು ಅಡುಗೆಮನೆ ಬಾಗಿಲ ಮೇಲೆ. ಶಾರ್ಜಾದಲ್ಲಿರುವ ಗಂಡ ಮೊಬೈಲಲ್ಲಿ ನೋಡುತ್ತಾನೆ. "ಯಾರ ಹತ್ತಿರ ನಗುತ್ತಿದ್ದೆ?" ಎಂದು ಅಲ್ಲಿಂದ ಫೋನು. ಆಮೇಲೆ ಮೈದುನನಿಗೆ ಇನ್ನೊಂದು ಫೋನು. ಹೊಡೆಯುವುದು ಮೈದುನ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಾತ್ರ ಕ್ಯಾಮೆರಾ ಇರಲಿಲ್ಲ. ಅಲ್ಲಿ ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ನನ್ನ ಹತ್ತಿರ ಮಾತಾಡುತ್ತಿದ್ದಳು. "ಎಂತ ಮಾಡುವುದು ಅಕ್ಕಾ, ನನ್ನ ಸಿಮ್ಮೂ ಅವರ ಹೆಸರಲ್ಲಿ ಉಂಟು" ಎಂದಳು.

ಅಂದಿನಿಂದ ನಾನು ಎಲ್ಲರಿಗೂ ಮೊದಲು ಕೇಳುವುದು ಇದನ್ನೇ. ಸಿಮ್ ಯಾರ ಹೆಸರಲ್ಲಿದೆ? ಫೋನಿನಲ್ಲಿರುವ ಜಿಮೇಲ್ ಯಾರು ಮಾಡಿಕೊಟ್ಟದ್ದು, ಅದರ ಪಾಸ್‌ವರ್ಡ್ ಯಾರಿಗೆ ಗೊತ್ತು? ವಾಟ್ಸಾಪ್ ತೆರೆದು ಸೆಟ್ಟಿಂಗ್ಸ್‌ನಲ್ಲಿ 'ಲಿಂಕ್ಡ್ ಡಿವೈಸಸ್' ಒತ್ತಿ. ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಹೆಸರು ಕಂಡರೆ ನಿಮ್ಮ ಮೆಸೇಜನ್ನು ಇನ್ನೊಬ್ಬರು ಓದುತ್ತಿದ್ದಾರೆ ಎಂದರ್ಥ. ಅದನ್ನು ಕೂಡಲೇ ತೆಗೆದುಹಾಕಬೇಡಿ. ತೆಗೆದರೆ ಅವರಿಗೆ ಗೊತ್ತಾಗುತ್ತದೆ, ಸಿಟ್ಟು ಏರುತ್ತದೆ. ಅದರ ಬದಲು ಮುಖ್ಯವಾದ ಮಾತಿಗೆ ಬೇರೆ ಫೋನು ಉಪಯೋಗಿಸಿ. ಉಮ್ಮನದ್ದು, ತಂಗಿಯದ್ದು, ಪಕ್ಕದ ಮನೆಯವರದ್ದು, ಅಂಗನವಾಡಿ ಟೀಚರದ್ದು. ನಂಬಿಕೆಯ ಒಬ್ಬರು ಸಾಕು.

ಅದೇ ಫೋನು ನಿಮ್ಮ ಸಾಕ್ಷಿಯೂ ಹೌದು. ಬೈಗುಳದ ವಾಯ್ಸ್ ಮೆಸೇಜು, ಬೆದರಿಕೆ, "ಇನ್ನು ದುಡ್ಡು ಕಳಿಸುವುದಿಲ್ಲ" ಎಂದ ಮಾತು, ಯಾವುದನ್ನೂ ಅಳಿಸಬೇಡಿ. ಓದಿದರೆ ಹೊಟ್ಟೆ ಉರಿಯುತ್ತದೆ, ನನಗೆ ಗೊತ್ತು. ಆದರೂ ಬೇಡ. ಸ್ಕ್ರೀನ್‌ಶಾಟ್ ತೆಗೆಯುವಾಗ ನಂಬರು, ತಾರೀಕು, ಗಂಟೆ ಕಾಣಬೇಕು. ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ತವರಿನ ಒಬ್ಬರಿಗೆ ಕಳಿಸಿ. ಮೆಸೇಜು ತಾನಾಗಿ ಅಳಿಸಿಹೋಗುವ ಹಾಗೆ ಗಂಡ ಸೆಟ್ಟಿಂಗ್ ಇಟ್ಟಿದ್ದರೆ ಬಂದ ತಕ್ಷಣ ಇನ್ನೊಂದು ಫೋನಿನಲ್ಲಿ ಫೋಟೊ ತೆಗೆಸಿ. ಮೂಲ ಮೆಸೇಜಿರುವ ಫೋನನ್ನು ಮಾರಬೇಡಿ, ಬದಲಿಸಬೇಡಿ. ಇಂಥ ಸಾಕ್ಷಿ ಕೋರ್ಟಿಗೆ ಕೊಡುವಾಗ ಜೊತೆಗೆ ಒಂದು ಸರ್ಟಿಫಿಕೇಟ್ ಬೇಕಾಗುತ್ತದೆ, ಅದನ್ನು ವಕೀಲರು ಮಾಡಿಸುತ್ತಾರೆ.

ಡಬ್ಬಕ್ಕೆ ಹಾಕುವ ಕಾಗದ

ನಿಖಾ ಆದ ಮಸೀದಿಯ ರಿಜಿಸ್ಟರಿನ ಪ್ರತಿ. ಇದು ಹೆಚ್ಚಿನವರ ಹತ್ತಿರ ಇರುವುದಿಲ್ಲ, ಗಂಡನ ಮನೆಯ ಕಪಾಟಿನಲ್ಲಿ ಇರುತ್ತದೆ. ಜಮಾಅತ್ ಕಚೇರಿಗೆ ಅಣ್ಣನನ್ನೋ ಅಪ್ಪನನ್ನೋ ಕಳಿಸಿ ಸೀಲು ಹಾಕಿದ ಪ್ರತಿ ತರಿಸಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ಮದುವೆ ನೋಂದಣಿ ಮಾಡಿಸಬಹುದು, ಕರ್ನಾಟಕದಲ್ಲಿ ಅದಕ್ಕೆ 1976ರ ಕಾನೂನು ಇದೆ.

ಚಿನ್ನದ ಬಿಲ್ಲು. ಪ್ರತಿಯೊಂದು ಒಡವೆಯ ಫೋಟೊ, ತೂಕ. ಮಹರ್, ಅಂದರೆ ನಿಖಾದಲ್ಲಿ ಗಂಡ ಹೆಂಡತಿಗೆ ಕೊಡುವ ವಧುಧನ, ಏನು ಕೊಟ್ಟರು, ಕೊಟ್ಟರೋ ಇಲ್ಲವೋ, ಅದನ್ನೂ ಬರೆದಿಡಿ. ಮಹರ್ ನಿಮ್ಮದು, ಅತ್ತೆಯದ್ದೂ ಅಲ್ಲ, ಅಪ್ಪನದ್ದೂ ಅಲ್ಲ. ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿ ಮಾಡಿ ಸಹಿ ಹಾಕಿಡಬೇಕೆಂದು 1985ರಿಂದಲೇ ನಿಯಮ ಉಂಟು, ಮಾಡುವವರಿಲ್ಲ ಅಷ್ಟೇ. ನಮ್ಮ ಕಡೆ ಚಿನ್ನ ಹೋಗುವುದು ಜಾಸ್ತಿಯಾಗಿ ವೀಸಾಕ್ಕೆ. "ವೀಸಾ ಬಂದ ಮೇಲೆ ಬಿಡಿಸಿ ಕೊಡುತ್ತೇನೆ" ಎಂದು ಅಡವಿಡುತ್ತಾರೆ. ಕೊಡುವುದೇ ಆದರೆ ಅಡವಿನ ಚೀಟಿಯ ಫೋಟೊ ನಿಮ್ಮ ಹತ್ತಿರ ಇರಲಿ.

ಬ್ಯಾಂಕಿನ ಸ್ಟೇಟ್‌ಮೆಂಟು. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ರತಿ ತಿಂಗಳು ಹಣ ಬರುತ್ತಿತ್ತು, ಒಂದು ತಿಂಗಳಿಂದ ನಿಂತಿತು. ಆ ನಿಂತ ತಿಂಗಳು ಪಾಸ್‌ಬುಕ್ಕಿನಲ್ಲಿ ಎದ್ದು ಕಾಣುತ್ತದೆ. ಖರ್ಚಿಗೆ ಕೊಡದೆ ಸತಾಯಿಸುವುದು ಕೂಡ ಕಾನೂನಿನ ಪ್ರಕಾರ ಹಿಂಸೆ. ಹಣ ಅತ್ತೆಯ ಅಕೌಂಟಿಗೆ ಬಂದು ಅವರು ಎಣಿಸಿ ಕೊಡುವ ಮನೆಗಳೇ ಬಹಳ. ಹಾಗಿದ್ದರೆ ನಿಮ್ಮದೇ ಹೆಸರಲ್ಲಿ, ನಿಮ್ಮದೇ ಮೊಬೈಲ್ ನಂಬರು ಕೊಟ್ಟು ಒಂದು ಅಕೌಂಟ್ ತೆರೆಯಿರಿ. ಬೀಡಿ ಕಟ್ಟುವವರಾದರೆ ಪಿ.ಎಫ್. ನಂಬರು ಬರೆದಿಡಿ.

ಗಂಡನ ಪಾಸ್‌ಪೋರ್ಟ್, ವೀಸಾ, ಅಲ್ಲಿನ ಐಡಿ ಕಾರ್ಡು, ಕಂಪನಿಯ ಹೆಸರು, ಕೋಣೆಯ ವಿಳಾಸ. ಊರಿಗೆ ಬಂದಾಗ ಫೋಟೊ ತೆಗೆದಿಡಿ. ಇದು ಕಳ್ಳತನ ಅಂತ ತುಂಬಾ ಹುಡುಗಿಯರು ಹೆದರುತ್ತಾರೆ. ಮಗಳೇ, ಅವನು ನಿನ್ನ ಗಂಡ, ಅವನ ವಿಳಾಸ ನಿನಗೆ ಗೊತ್ತಿರುವುದು ಕಳ್ಳತನವಲ್ಲ. ಕೋರ್ಟಿನ ನೋಟಿಸ್ ಹೋಗಬೇಕಾದರೆ ವಿಳಾಸ ಬೇಕು. ಎಷ್ಟೋ ಕೇಸು ನಿಂತುಹೋಗುವುದು ಈ ಒಂದು ಸಾಲು ಇಲ್ಲದ್ದಕ್ಕೆ.

ನಿಮ್ಮ ಮತ್ತು ಮಕ್ಕಳ ಆಧಾರ್, ಜನನ ಪತ್ರ, ಪಾಸ್‌ಪೋರ್ಟ್ ಪ್ರತಿ. ನಿಮ್ಮ ಪಾಸ್‌ಪೋರ್ಟನ್ನು ಗಂಡ ಕಿತ್ತಿಟ್ಟುಕೊಂಡರೆ ಅದು ತಪ್ಪು. ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಆಸ್ತಿ, ಅತ್ತೆ ಮನೆಯದ್ದಲ್ಲ.

ಇನ್ನು ಡಬ್ಬ ಎಲ್ಲಿರಬೇಕು? ಗಂಡನ ಮನೆಯಲ್ಲಿ ಬೇಡ. ತವರಲ್ಲಿ, ಇಲ್ಲವೇ ನಂಬಿಕೆಯ ಒಬ್ಬರ ಮನೆಯಲ್ಲಿ. ಎಲ್ಲದರ ಫೋಟೊ ಒಬ್ಬರ ಫೋನಿನಲ್ಲಿ.

ಆಸ್ಪತ್ರೆಯಲ್ಲಿ ನಿಜ ಹೇಳಿ

ಇದನ್ನು ಮಾತ್ರ ನನ್ನ ಕೈಲಾದಷ್ಟು ಗಟ್ಟಿಯಾಗಿ ಹೇಳುತ್ತೇನೆ. ಜಾರಿ ಬಿದ್ದೆ ಅನ್ನಬೇಡಿ. ಬಾಗಿಲು ತಾಗಿತು ಅನ್ನಬೇಡಿ. ಅತ್ತೆ ಜೊತೆಗೆ ಬಂದಿದ್ದರೆ "ಮೂತ್ರ ಪರೀಕ್ಷೆಗೆ ಹೋಗಬೇಕು" ಎಂದು ನರ್ಸ್ ಜೊತೆ ಒಳಗೆ ಹೋಗಿ, ಅಲ್ಲಿ ಹೇಳಿ. ಯಾರು ಹೊಡೆದರು, ಯಾವುದರಿಂದ, ಎಷ್ಟು ಗಂಟೆಗೆ. "ಎಂಎಲ್‌ಸಿ ಮಾಡಿ" ಎಂದು ಬಾಯಿಬಿಟ್ಟು ಕೇಳಿ, ಅಂದರೆ ಇದು ಪೊಲೀಸ್ ಕೇಸಿಗೆ ಬರುವ ಗಾಯ ಎಂದು ಆಸ್ಪತ್ರೆಯವರು ದಾಖಲಿಸುವುದು. ಗಾಯದ ಫೋಟೊವನ್ನು ಅದೇ ದಿನ ಒಮ್ಮೆ, ಮೂರು ದಿನ ಬಿಟ್ಟು ಇನ್ನೊಮ್ಮೆ ತೆಗೆಯಿರಿ. ನೀಲಿಗಟ್ಟಿದ್ದು ಆಮೇಲೆಯೇ ಚೆನ್ನಾಗಿ ಕಾಣುತ್ತದೆ. ಒಂದು ಫೋಟೊದಲ್ಲಿ ಮುಖವೂ ಬರಲಿ, ಇಲ್ಲದಿದ್ದರೆ ಅದು ಯಾರ ಕೈ ಎಂದು ಕೇಳುತ್ತಾರೆ.

ಅಕ್ಕನ ಕಿವಿಯ ಚೀಟಿ ಈಗಲೂ ಡಬ್ಬದಲ್ಲಿದೆ. ಅದರಲ್ಲಿ ಬರೆದಿರುವುದು, ಬಿದ್ದದ್ದರಿಂದ ಆದ ಗಾಯ.

ಜಮಾಅತ್‌ಗೆ ಹೋಗುವುದಾದರೆ

ಹೋಗಬೇಡಿ ಅನ್ನುವವಳು ನಾನಲ್ಲ. ನಮ್ಮ ಚಿನ್ನ ಸಿಕ್ಕಿದ್ದೇ ಅಲ್ಲಿ. ಗಂಡ ಹೆಂಡಿರ ನಡುವೆ ಬಿರುಕು ಬಂದರೆ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ಇಡಿ ಎಂದು ಕುರ್‌ಆನಿನ ಸೂರಾ ನಿಸಾದ 35ನೇ ವಚನವೇ ಹೇಳುತ್ತದೆ. ಎರಡೂ ಕಡೆಯಿಂದ ಅಂತ. ಆದ್ದರಿಂದ ನಿಮ್ಮ ಕಡೆಯ ಒಬ್ಬರು ಇಲ್ಲದೆ ಕೂರಬೇಡಿ. ನಿಮ್ಮ ಮಾತನ್ನು ಅಪ್ಪ ಆಡುವುದಕ್ಕಿಂತ ನೀವೇ ಆಡಿ. ಹೊರಗೆ ಜಗಲಿಯಲ್ಲಿ ಕೂರಿಸಿ ಒಳಗೆ ತೀರ್ಮಾನ ಮಾಡಿದರೆ ಒಪ್ಪಬೇಡಿ. ಮಾತಾಡಿದ್ದನ್ನು ಬರೆಸಿ, ಪ್ರತಿ ತೆಗೆದುಕೊಳ್ಳಿ. ಖಾಲಿ ಹಾಳೆಗೆ, ಛಾಪಾ ಕಾಗದಕ್ಕೆ ಸಹಿ ಹಾಕಲೇಬೇಡಿ.

"ಸಬರ್ ಮಾಡು", ತಾಳಿಕೋ ಎಂದು ಎಲ್ಲರೂ ಹೇಳುತ್ತಾರೆ. ಹಿಂಸೆ ಕೊಡುವುದಕ್ಕಾಗಿ ಹೆಂಗಸರನ್ನು ತಡೆದಿಟ್ಟುಕೊಳ್ಳಬೇಡಿ ಎಂಬ ವಚನವೂ ಕುರ್‌ಆನಿನಲ್ಲೇ ಇದೆ, ಸೂರಾ ಬಖರದ 231. ಅದನ್ನು ನೆನಪಿಸಿ. ಸಾಬಿತ್ ಇಬ್ನ್ ಖೈಸ್ ಅವರ ಹೆಂಡತಿ ಪ್ರವಾದಿಯವರ ಹತ್ತಿರ ಹೋಗಿ ಈ ಮದುವೆ ಬೇಡ ಎಂದರು. ಮಹರ್ ಆಗಿ ಬಂದ ತೋಟ ಹಿಂದಿರುಗಿಸಿ ಬಿಡುಗಡೆ ಪಡೆದರು. ಖುಲಾ ಅಂದರೆ ಅದೇ. ಈ ಹದೀಸ್ ಉಸ್ತಾದರಿಗೆ ಗೊತ್ತು. ನಿಮಗೂ ಗೊತ್ತಿದೆ ಎಂದು ಅವರಿಗೆ ಗೊತ್ತಾಗಲಿ.

ಜಮಾಅತ್‌ಗೆ ಹೋದರೆ ಕೋರ್ಟಿಗೆ ಹೋಗಬಾರದು ಅಂತ ಏನೂ ಇಲ್ಲ. ಎರಡೂ ಒಟ್ಟಿಗೆ ನಡೆಯಬಹುದು.

ಕಾನೂನಿನ ದಾರಿ

ನಮ್ಮ ಹೆಂಗಸರು ಪೊಲೀಸ್ ಸ್ಟೇಷನ್ನಿಗೆ ಹೋಗದಿರಲು ಇನ್ನೊಂದು ಕಾರಣ ಉಂಟು. ಊರಲ್ಲಿ ಗಲಾಟೆಯ ಕಾಲ. ಮನೆಯ ಜಗಳ ಹೊರಗೆ ಹೋದರೆ ಇಡೀ ಸಮುದಾಯದ ಬಗ್ಗೆ ಮಾತಾಡುತ್ತಾರೆ ಎಂಬ ಹೆದರಿಕೆ. ಆ ಹೆದರಿಕೆ ಸುಳ್ಳಲ್ಲ, ನನಗೂ ಇದೆ. ಆದರೆ ಆ ಭಾರವನ್ನೆಲ್ಲ ಹೊಡೆತ ತಿನ್ನುವವಳ ತಲೆಯ ಮೇಲೆ ಹಾಕುವುದು ನ್ಯಾಯವಲ್ಲ. ಯಾರನ್ನೂ ಜೈಲಿಗೆ ಹಾಕದೆ ರಕ್ಷಣೆ ಪಡೆಯುವ ದಾರಿಯೂ ಇದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾನೂನು. ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ. ಎಲ್ಲ ಧರ್ಮದವರಿಗೂ ಒಂದೇ.

ನಿಮ್ಮ ತಾಲೂಕಿನ ಸಿಡಿಪಿಒ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಅಧಿಕಾರಿಯೇ ಇದಕ್ಕೆ ಸಂರಕ್ಷಣಾಧಿಕಾರಿ. ಅವರ ಕಚೇರಿಗೆ ಹೋಗಿ ಹೇಳಿದರೆ ಒಂದು ವರದಿ ಬರೆದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕಳಿಸುತ್ತಾರೆ. ಅಂಗನವಾಡಿಗೆ ಹೋಗುತ್ತೇನೆ ಎಂದು ಮನೆಯಿಂದ ಹೊರಡುವುದು ಯಾರಿಗೂ ಅನುಮಾನ ಬರುವ ವಿಷಯವಲ್ಲ, ಅಲ್ವಾ? ತವರಿಗೆ ಬಂದು ಕೂತಿದ್ದರೆ ತವರಿನ ತಾಲೂಕಿನಲ್ಲೇ ಅರ್ಜಿ ಕೊಡಬಹುದು. ಅರ್ಜಿ ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ, 60 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು ಎಂದು ಕಾನೂನು ಹೇಳುತ್ತದೆ. ನಿಜವಾಗಿ ಅದಕ್ಕಿಂತ ಜಾಸ್ತಿ ಸಮಯ ಹಿಡಿಯುತ್ತದೆ. ಅದಕ್ಕೇ ಮೊದಲ ದಿನವೇ ಮಧ್ಯಂತರ ಆದೇಶ ಕೇಳಿ. ಗಂಡ ಅಬುಧಾಬಿಯಲ್ಲಿದ್ದರೂ, ಅವನು ಬರದಿದ್ದರೂ ಕೋರ್ಟು ಅದನ್ನು ಕೊಡಬಹುದು. ಹೊಡೆಯುವ ಮೈದುನ, ಕೈಜೋಡಿಸುವ ಅತ್ತೆ ನಾದಿನಿಯರ ಮೇಲೂ ಅರ್ಜಿ ಹಾಕಬಹುದು. ಆದೇಶದ ಪ್ರತಿ ಪುಕ್ಕಟೆ. ರಕ್ಷಣಾ ಆದೇಶ ಮುರಿದರೆ 1 ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಮನೆಯ ವಿಷಯ ಮುಖ್ಯ. ಗಲ್ಫ್ ದುಡ್ಡಿನಲ್ಲಿ ಕಟ್ಟಿದ ತಾರಸಿ ಮನೆ ಸಾಮಾನ್ಯವಾಗಿ ಅತ್ತೆ ಮಾವನ ಹೆಸರಲ್ಲಿ ಇರುತ್ತದೆ. "ಇದು ನಿನ್ನ ಗಂಡನ ಮನೆಯೇ ಅಲ್ಲ, ಹೊರಗೆ ನಡಿ" ಎನ್ನುತ್ತಾರೆ. ನೀವು ಸಂಸಾರ ಮಾಡಿದ ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಅಲ್ಲಿ ವಾಸದ ಹಕ್ಕು ಕೇಳಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಸ್ತಿಯಲ್ಲಿ ಪಾಲಲ್ಲ, ಇರುವ ಹಕ್ಕು.

ಪೊಲೀಸ್ ಕೇಸೇ ಬೇಕಾದರೆ, ಗಂಡ ಮತ್ತು ಗಂಡನ ಮನೆಯವರ ಕ್ರೌರ್ಯಕ್ಕೆ ಇದ್ದ ಹಿಂದಿನ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್. ಜೀವನಾಂಶ ವಿಚ್ಛೇದನ ಆದ ಮೇಲೂ ಕೇಳಬಹುದು. ಮುಸ್ಲಿಂ ಹೆಂಗಸರಿಗೂ ಆ ಹಕ್ಕಿದೆ ಎಂದು 2024ರ ಜುಲೈ 10ರಂದು ಸುಪ್ರೀಂ ಕೋರ್ಟ್ ಮತ್ತೆ ಖಚಿತ ಮಾಡಿತು. ಗಂಡ ಎರಡು ವರ್ಷ ಖರ್ಚಿಗೆ ಕೊಡದಿದ್ದರೆ, ನಾಲ್ಕು ವರ್ಷ ಎಲ್ಲಿದ್ದಾನೆಂದೇ ಗೊತ್ತಾಗದಿದ್ದರೆ, ಅಥವಾ ಹಿಂಸೆ ಕೊಟ್ಟರೆ, ನೀವೇ ವಿಚ್ಛೇದನ ಕೇಳಬಹುದು. ಇದು ಹೊಸ ಕಾನೂನೂ ಅಲ್ಲ, 1939ರದ್ದು. ವಕೀಲರ ಫೀಸಿನ ಚಿಂತೆ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಕೋರ್ಟಿನ ಆವರಣದಲ್ಲೇ ಕಚೇರಿ ಇರುತ್ತದೆ.

ವಾಟ್ಸಾಪಿನಲ್ಲಿ ಮೂರು ಸಲ ತಲಾಖ್ ಬರೆದು ಕಳಿಸಿದರೆ? ಮದುವೆ ಮುರಿಯುವುದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು, 2019ರ ಕಾನೂನಿನಲ್ಲಿ ಅದು 3 ವರ್ಷದವರೆಗೆ ಜೈಲಾಗುವ ಅಪರಾಧ. ಆ ಮೆಸೇಜು ಉಳಿಸಿಕೊಳ್ಳಿ, ಉತ್ತರ ಕೊಡಬೇಡಿ, ಮನೆ ಬಿಟ್ಟು ಹೊರಡಬೇಡಿ. ತಿಂಗಳಿಗೊಂದರಂತೆ ಹೇಳುವ ತಲಾಖ್ ಬೇರೆ ವಿಷಯ. ಅದು ಬಂದರೆ ಕೂಡಲೇ ವಕೀಲರನ್ನು ನೋಡಿ.

ಇನ್ನೂ ಮದುವೆಯಾಗದವರಿಗೆ

ನಿಖಾ ಒಂದು ಕರಾರು. ಕರಾರಿನಲ್ಲಿ ಷರತ್ತು ಹಾಕಬಹುದು. ಪಾಕಿಸ್ತಾನದ ನಿಖಾನಾಮೆಯ ಫಾರಮ್ಮಿನಲ್ಲಿ 18ನೇ ಕಲಮು ಅಂತಲೇ ಒಂದಿದೆ, ಹೆಂಡತಿಗೆ ತಲಾಖಿನ ಹಕ್ಕನ್ನು ಗಂಡ ಬಿಟ್ಟುಕೊಟ್ಟಿದ್ದಾನೆಯೇ ಎಂದು ಕೇಳುವ ಕಲಮು. ಮಲೇಷ್ಯಾದಲ್ಲಿ 1994ರಲ್ಲೇ ಕೌಟುಂಬಿಕ ಹಿಂಸೆಯ ವಿರುದ್ಧ ಕಾನೂನು ಬಂತು, ನಮಗಿಂತ ಹನ್ನೊಂದು ವರ್ಷ ಮೊದಲು. ಮುಸ್ಲಿಂ ಹೆಂಗಸರೇ ಬೀದಿಗಿಳಿದು, ಕುರ್‌ಆನ್ ಓದಿ, ವಾದ ಮಾಡಿ ಗಳಿಸಿದ ದಾರಿಗಳು ಬೇರೆ ಬೇರೆ ದೇಶಗಳಲ್ಲಿವೆ. ನಮ್ಮಲ್ಲೂ 2007ರಲ್ಲಿ ಹುಟ್ಟಿದ ಭಾರತೀಯ ಮುಸ್ಲಿಂ ಮಹಿಳಾ ಆಂದೋಲನ ಒಂದು ಮಾದರಿ ನಿಖಾನಾಮೆ ಮಾಡಿದೆ.

ಅಕ್ಕನ ಮಗಳ ನಿಖಾದಲ್ಲಿ ನಾವು ಮೂರು ಷರತ್ತು ಬರೆಸಿದೆವು. ಓದು ಮುಂದುವರಿಸುವುದು, ಅವಳ ಸಂಬಳ ಅವಳ ಅಕೌಂಟಿಗೆ, ಮತ್ತು ಕೈ ಎತ್ತಿದರೆ ತಲಾಖ್ ತೆಗೆದುಕೊಳ್ಳುವ ಹಕ್ಕು ಅವಳದ್ದು. ಖತೀಬರು ಎರಡು ದಿನ ಯೋಚನೆ ಮಾಡಿ, ಕಿತಾಬು ನೋಡಿ, ಆಗಬಹುದು ಎಂದರು. ಹುಡುಗನ ತಂದೆಗೆ ಬೇಸರವಾಯಿತು. ಹುಡುಗ ಮಾತ್ರ "ನಾನು ಹೊಡೆಯುವುದಿಲ್ಲವಲ್ಲ, ಬರೆದರೆ ನನಗೇನು?" ಎಂದು ಸಹಿ ಹಾಕಿದ. ಅಕ್ಕ ರಿಜಿಸ್ಟರಿನ ಆ ಪುಟದ ಫೋಟೊವನ್ನು ನಾಲ್ಕು ಸಲ ತೆಗೆದಳು.

ನೀವೇ ಗಲ್ಫ್‌ನಲ್ಲಿದ್ದರೆ

ಯುಎಇಯಲ್ಲಿ ಪೊಲೀಸ್ ನಂಬರು 999. ಭಾರತೀಯರಿಗೆ ದುಬೈಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಪುಕ್ಕಟೆ ನಂಬರು 800 46342. ದೂರು ಬರೆದು ಕೊಡಲು ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲ್ ಇದೆ. ಅಲ್ಲಿಯೂ ಕೌಟುಂಬಿಕ ಹಿಂಸೆಗೆ ಕಾನೂನು 2019ರಲ್ಲಿ ಬಂದಿದೆ. ನಿಮ್ಮ ವೀಸಾ ಗಂಡನ ಮೇಲಿದ್ದರೆ ಅವನು ಅದನ್ನು ರದ್ದು ಮಾಡಿಸಬಹುದು, ಆದ್ದರಿಂದ ಟಿಕೆಟಿನಷ್ಟು ಹಣ ಮತ್ತು ಪಾಸ್‌ಪೋರ್ಟ್ ನಿಮ್ಮ ಕೈಗೆ ಸಿಗುವ ಜಾಗದಲ್ಲಿರಲಿ.

ಹೊರಡುವ ದಿನ

ತೀರಾ ಕೈಮೀರಿದ ದಿನ ಯೋಚನೆ ಮಾಡಲು ಸಮಯ ಇರುವುದಿಲ್ಲ. 112 ಪೊಲೀಸರಿಗೆ, 181 ಮಹಿಳಾ ಸಹಾಯವಾಣಿಗೆ, 15100 ಕಾನೂನು ನೆರವಿಗೆ. ಈ ಮೂರನ್ನು ಬಾಯಿಪಾಠ ಮಾಡಿ. ತವರಿಗೆ ಹೋಗಲು ಆಗದಿದ್ದರೆ ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರಿನಲ್ಲಿ ಐದು ದಿನದವರೆಗೆ ಮಕ್ಕಳ ಜೊತೆ ಉಳಿಯಬಹುದು. ಪರಿಚಯದ ಒಬ್ಬ ರಿಕ್ಷಾದವರ ನಂಬರು ಇಟ್ಟುಕೊಳ್ಳಿ, ರಾತ್ರಿ ಕರೆದರೂ ಬರುವವರು. ಪಕ್ಕದ ಮನೆಯವರ ಹತ್ತಿರ ಒಂದು ಗುರುತಿನ ಮಾತು ಮಾಡಿಟ್ಟುಕೊಳ್ಳಿ. ಬಟ್ಟೆ ಕಲ್ಲಿನ ಆ ಹುಡುಗಿ "ಸ್ವಲ್ಪ ಕರಿಬೇವು ಉಂಟಾ?" ಎಂದು ಕೇಳಿದರೆ ಪಕ್ಕದ ಮನೆಯ ಅಜ್ಜಿ ಅವಳ ಅಣ್ಣನಿಗೆ ಫೋನ್ ಮಾಡಬೇಕು ಎಂದು ಒಪ್ಪಂದವಾಗಿತ್ತು. ಅಜ್ಜಿಯ ಹಿತ್ತಲಲ್ಲಿ ಕರಿಬೇವಿನ ಗಿಡವೇ ಇರಲಿಲ್ಲ, ಅದಕ್ಕೇ ಆ ಮಾತು. ಒಂದು ಶುಕ್ರವಾರ ಅವಳು ಕರಿಬೇವು ಕೇಳಿದಳು. ಅಣ್ಣ ಮುಕ್ಕಾಲು ಗಂಟೆಯಲ್ಲಿ ಬಂದ.

ಚೀಲದಲ್ಲಿ ಮಕ್ಕಳ ಎರಡು ಜೊತೆ ಬಟ್ಟೆ, ದಿನಾ ತಿನ್ನುವ ಮಾತ್ರೆ, ಚಿಲ್ಲರೆ ದುಡ್ಡು, ಶಾಲೆಯ ಐಡಿ ಕಾರ್ಡು. ಫೋನಿನ ಚಾರ್ಜರ್ ಮರೆಯಬೇಡಿ. ಎಲ್ಲರೂ ಅದನ್ನೇ ಮರೆತು ಬರುತ್ತಾರೆ.